ಸದ್ದು ಬಂದ ಕಲ್ಲು

ಮರುಳಸಿದ್ದಯ್ಯ ಗೋಡೆಗೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ಕುಟ್ಟಿದರು. ಒಂದು ಕಲ್ಲು. ಇನ್ನೊಂದು. ಮತ್ತೊಂದು.

“ಸದ್ದೇ ಇಲ್ವಲ್ಲೋ. ಏನ್ ಮೋಸ ಮಾಡಿದ್ದೀಯ?”

ಏಣಿಯ ಮೇಲಿದ್ದ ಗಾರೆ ಕೆಲಸದ ಆಂಜನಪ್ಪ ತಿರುಗಿ ನೋಡಿದ. ಹೊನ್ನವಳ್ಳಿಯ ಯಜಮಾನರ ಮನೆಯ ಮುಂಗೋಡೆಗೆ ಅಂದಕ್ಕೆ ಹೊದಿಸುವ ಕ್ಲ್ಯಾಡಿಂಗ್ ಕಲ್ಲು ಅಂಟಿಸಲು ಬಂದು ನಾಲ್ಕು ದಿನವಾಗಿತ್ತು. ಅರ್ಧ ಕೂಲಿಗೆ ಒಪ್ಪಿದ್ದ. ಏಕೆಂದು ಯಜಮಾನರು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ತಿಪಟೂರಿನ ಅಂಗಡಿಯಲ್ಲಿ ಬೂದು ಬಣ್ಣ ಬೇಡ, ಜೇನು ಬಣ್ಣವೇ ಬೇಕೆಂದು ಹಟ ಹಿಡಿದು ಯಜಮಾನರೇ ಕಲ್ಲು ಆರಿಸಿ ತಂದಿದ್ದರು. ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವರು. ಅಟ್ಟದಲ್ಲಿ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಕುಲುಕುವರು. ಒಳಗೆ ಗಡಗಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಹದವಾಗಿದೆ. ಸದ್ದಿಲ್ಲದ್ದು ಹಸಿ.

ಕಲ್ಲಿನದು ತದ್ವಿರುದ್ಧ. ಸದ್ದು ಬಂದರೆ ಹಿಂದೆ ಗಮ್ ತುಂಬಿಲ್ಲ, ಟೊಳ್ಳು. ಒಂದು ದಿನ ಬೀಳುತ್ತದೆ. ಆಂಜನಪ್ಪ ಅದನ್ನೇ ಹೇಳಹೊರಟ.

“ನಂಗೆ ಸದ್ದು ಹೇಳ್ಕೊಡೋಕ್ ಬಂದ್ಯೇನ್ಲಾ? ಈ ಕುರ್ಚಿ ನೇರಕ್ಕಿರೋ ಕಲ್ಲೆಲ್ಲ ಕಿತ್ತು ಸರಿಯಾಗಿ ಕೂರ್ಸು. ದಿನಾ ಇದರ ಕೆಳಗೇ ಕೂರೋನು ನಾನು.”

ಬಾಗಿಲ ಪಕ್ಕದ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರುವಂತಿರಲಿಲ್ಲ. ಮಗ ತಾನೇ ಮೆಚ್ಚಿ ಕಟ್ಟಿಕೊಂಡು ಬಂದ ಪವಿತ್ರಾ ಹೊಸಿಲು ದಾಟುವಂತೆಯೂ ಇರಲಿಲ್ಲ. ಬೇರೆ ಜಾತಿಯ ಸೊಸೆ ಊರ ಕಣ್ಣಿಗೆ ಬೀಳಬಾರದೆಂದು ಮಾವನ ಕಟ್ಟಪ್ಪಣೆ. ಒಳಗಿನಿಂದ ಬಳೆಯ ಸದ್ದು, ಆಗಾಗ ಓಕರಿಕೆಯ ಸದ್ದು. ಹೊತ್ತಿಗೆ ಸರಿಯಾಗಿ ಹೊಸಿಲ ಮೇಲೆ ಪೇಪರ್ ಲೋಟದಲ್ಲಿ ಟೀ. ಅದಕ್ಕೆ ಸಕ್ಕರೆಯೂ ಇಲ್ಲ. ಆಂಜನಪ್ಪ ಜೇಬಿನಿಂದ ಮಾತ್ರೆ ತೆಗೆದು ನುಂಗಿ, ತಳದ ಹನಿಯವರೆಗೂ ಕುಡಿಯುತ್ತಿದ್ದ.

ಅವನು ಕುರ್ಚಿಯನ್ನು ನೋಡಿದ. ಗೋಡೆಯನ್ನು ನೋಡಿದ.

ಕುರ್ಚಿಯ ನೇರಕ್ಕಿದ್ದ ಕಲ್ಲುಗಳನ್ನೆಲ್ಲ ಉಳಿಯಿಂದ ಎಬ್ಬಿಸಿದ. ನಾಲ್ಕು ಮೂಲೆಗೆ ಮಾತ್ರ ಗಮ್ ಮುಟ್ಟಿಸಿ ಕೂರಿಸಿದ. ಮಾರನೆಯ ದಿನ ಯಜಮಾನರು ಏಣಿ ಹತ್ತಿ ಕುಟ್ಟಿದರು. ಟೊಕ್ ಟೊಕ್.

“ಈಗ ಹದ ಬಂತು ನೋಡು.”

“ನೀವ್ ಹೇಳ್ದಂಗೇ ಕೂರ್ಸಿದ್ದೀನಿ, ಯಜಮಾನ್ರೇ.”

ಮಾಯಸಂದ್ರದ ತನ್ನ ಮನೆಗೆ ಮರಳಿದ ಆಂಜನಪ್ಪ ಕಾದ. ಬೇಸಿಗೆಗೆ ಕಲ್ಲು ಹಿಗ್ಗುತ್ತದೆ, ಮಳೆಗೆ ಸಂದಿಯಲ್ಲಿ ನೀರು ಇಳಿಯುತ್ತದೆ. ಬೇಸಿಗೆ ಕಳೆಯಿತು. ಮುಂಗಾರು ಹಿಡಿಯಿತು. ಪ್ರತಿ ಮಳೆಗೂ ಅವನು ಫೋನಿನತ್ತ ನೋಡುತ್ತಿದ್ದ.

ವಾರದ ಜಡಿ ನಿಂತು ಬಿಸಿಲು ಬಿದ್ದ ಒಂದು ಬೆಳಿಗ್ಗೆ ಫೋನು ಹೊಡೆದುಕೊಂಡಿತು. ಆ ಕಡೆ ಮರುಳಸಿದ್ದಯ್ಯನವರೇ. ಕಲ್ಲು ಬಿತ್ತು ಎಂದರು. ಬಿದ್ದರೂ ಮನುಷ್ಯ ಬದುಕಿದ್ದಾನಲ್ಲ ಎಂದು ಆಂಜನಪ್ಪನಿಗೆ ಬಾಯಿ ಕಹಿಯಾಯಿತು. ಬೈಗುಳಕ್ಕೆ ಕಾದ.

“ಬೀಗ್ರೇ,” ಎಂದರು ಅವರು, ಮೊಟ್ಟಮೊದಲ ಬಾರಿಗೆ. “ತುಂಬಿದ ಬಸ್ರಿ, ಒಸಿ ಬಿಸ್ಲು ಕಾಯ್ಲಿ ಅಂತ ಇವತ್ತು ನಾನೇ ನನ್ ಕುರ್ಚೀಲಿ ಕೂರ್ಸಿದ್ದೆ.”