ಅತ್ತೆಯ ಹೆಸರಿನ ಕೆಳಗೆ

ನಮ್ಮ ಮನೆಯ ಹಳೆಯ ಬೈಬಲ್ ತೆರೆದರೆ ಒಣ ಬೇವಿನೆಲೆಯ ವಾಸನೆ ಬರುತ್ತದೆ, ಅದರ ಹಿಂದೆಯೇ ಉಣಕಲ್ಲಿನ ಅಜ್ಜಿ ಮನೆಯ ಒಂದು ಮಧ್ಯಾಹ್ನ.

ಮನೆಯಲ್ಲಿ ಹುಟ್ಟಿದವರ ಹೆಸರನ್ನೆಲ್ಲ ಅಜ್ಜಿ ಅದರ ಮೊದಲ ಹಾಳೆಯಲ್ಲಿ ಬರೆಸಿಟ್ಟಿದ್ದಳು. ಒಬ್ಬೊಬ್ಬರ ಹೆಸರಿನ ಕೆಳಗೂ ಅವರ ಮಕ್ಕಳ ಹೆಸರು. ಮಕ್ಕಳಿಲ್ಲದ ಸೋದರತ್ತೆಯ ಕೆಳಗೆ ಮಾತ್ರ ಖಾಲಿ ಜಾಗ.

ಅವತ್ತು ಶೇಂಗಾ ಸುಲಿಯುತ್ತ ಅಜ್ಜಿ ಅಬ್ರಹಾಮನ ಕಥೆ ಹೇಳಿದಳು. "ನಿನ್ನ ಮಂದಿ ಆಕಾಶದಾಗಿನ ಚಿಕ್ಕಿಯಷ್ಟ ಆಗ್ತಾರ ಅಂತ ದೇವರು ಮಾತು ಕೊಟ್ಟಿದ್ದ. ಮುದುಕ ಕಣ್ಣಿಲೆ ಕಂಡದ್ದು ಬೆರಳೆಣಿಕಿ ಮಂದಿನ್ನ. ಉಳಿದವರೆಲ್ಲಾ ಹುಟ್ಟಿದ್ದು ಅಂವ ಹೋದ ಮ್ಯಾಲೆ."

ಅತ್ತೆ ನಕ್ಕಳು. "ನನಗ ಒಂದ ಚಿಕ್ಕಿ ಸಾಕಾಗಿತ್ತು ಬಿಡವ್ವಾ."

ಇಬ್ಬರೂ ಚಹಾ ಇಡಲು ಒಳಗೆ ಹೋದಾಗ ನಾನು ಪೆನ್ನು ತಂದು ಆ ಖಾಲಿ ಜಾಗದಲ್ಲಿ ಸೊಟ್ಟ ಅಕ್ಷರಗಳಲ್ಲಿ ನನ್ನ ಹೆಸರು ಬರೆದೆ.

"ದೇವರ ಪುಸ್ತಕದಾಗ ಸುಳ್ಳು ಬರೀತಿಯೇನ ಹುಚ್ಚಿ?" ಹೊರಗೆ ಬಂದು ನೋಡಿದ ಅಜ್ಜಿ ಕೈ ಎತ್ತಿದಳು.

ಅತ್ತೆ ಅಡ್ಡ ಬಂದು, ಹಸಿ ಮಸಿಯನ್ನು ಸೆರಗಿನಿಂದ ಮೆಲ್ಲಗೆ ಒತ್ತಿದಳು. "ಇರ್ಲಿ ಬಿಡವ್ವಾ. ಅಳಸಾಕ ಹೋದ್ರ ಹಾಳಿ ಹರೀತೈತಿ."

ಹೀಗೆ ಆ ಹಾಳೆಯಲ್ಲಿ ನನ್ನ ಹೆಸರು ಎರಡು ಕಡೆ ಉಳಿಯಿತು. ಮಗಳು ಹುಟ್ಟಿದಾಗ ಅವಳ ಹೆಸರನ್ನು ನಾನು ಆ ಸೊಟ್ಟ ಅಕ್ಷರಗಳ ಕೆಳಗೆ ಬರೆದೆ.