ಹತ್ತನೆಯ ಕುಂಡ

"ಒಂಬತ್ತು ಗಿಡ ಸುಡಬೇಕು," ಎಂದರು ಅಧಿಕಾರಿ, ಕೈಯಲ್ಲಿದ್ದ ಆದೇಶ ನೋಡುತ್ತ. ಗಾಜಿನ ಮನೆಯ ಮೇಜಿನ ಮೇಲೆ ಹತ್ತು ಕುಂಡಗಳಿದ್ದವು. ಹತ್ತರಲ್ಲೂ ಮೊಳಕಾಲೆತ್ತರದ ಟೊಮೆಟೊ ಗಿಡ, ಹತ್ತೂ ಅಚ್ಚ ಹಸಿರು. ಅಕ್ಕಪಕ್ಕದ ಮೇಜುಗಳಲ್ಲಿದ್ದ ಗಿಡಗಳ ಮೇಲೆ ಮಾತ್ರ ಬೂದಿ ರೋಗ ಹಿಟ್ಟು ಚೆಲ್ಲಿದ ಹಾಗೆ ಕೂತಿತ್ತು.

"ಯಾಕೆ ಸುಡಬೇಕು ಅಂತ ಕೇಳಬಹುದಾ?" ಎಂದಳು ವಿಜ್ಞಾನಿ. ಎರಡು ವರ್ಷ ಹಗಲಿರುಳು ಒಂದು ಮಾಡಿ ಬೆಳೆಸಿದ ಗಿಡಗಳವು. ದನಿ ಗಟ್ಟಿಯಾಗಿತ್ತು.

"ಹೊರಗಿನ ವಂಶವಾಹಿ ಸೇರಿಸಿದ ಗಿಡಗಳು. ಅನುಮತಿ ಇಲ್ಲ."

"ಹೊರಗಿನದು ಏನೂ ಸೇರಿಸಿಲ್ಲ ಸಾರ್. ಗಿಡದ್ದೇ ಒಂದು ವಂಶವಾಹಿ ಈ ರೋಗಕ್ಕೆ ಬಾಗಿಲು ತೆಗೀತಿತ್ತು. ಅದರ ಡಿಎನ್‌ಎಯಲ್ಲಿ ಏಳು ಅಕ್ಷರ ಕತ್ತರಿಸಿ ತೆಗೆದೆ. ಕತ್ತರಿಸೋಕೆ ಬಳಸಿದ ಸಾಧನವನ್ನೂ ಗಿಡದ ಒಳಗೆ ಬಿಟ್ಟಿಲ್ಲ. ನಿಮ್ಮ ಪ್ರಯೋಗಾಲಯವೇ ಎರಡು ಸಲ ಹುಡುಕಿ ಏನೂ ಸಿಗಲಿಲ್ಲ ಅಂತ ಬರೆದುಕೊಟ್ಟಿದೆಯಲ್ಲ."

"ಸಿಗಲಿಲ್ಲ ಅಂತ ಬರೆದಿದೆ. ಇಲ್ಲ ಅಂತ ಬರೆದಿಲ್ಲ." ಮೊಸರಲ್ಲಿ ಕಲ್ಲು ಹುಡುಕುವವರಿಗೆ ಕಲ್ಲು ಸಿಗದಿದ್ದರೂ ಅನುಮಾನವಂತೂ ಸಿಕ್ಕೇ ಸಿಗುತ್ತದೆ. "ನೀವು ಇಷ್ಟು ವಾದ ಮಾಡೋದು ನೋಡಿದ್ರೆ ಏನೋ ಇದೆ ಅನ್ಸುತ್ತೆ," ಎಂದು ಅಧಿಕಾರಿ ಬಗ್ಗಿ, ಗಿಡ ತುಂಬುವ ದಪ್ಪ ಚೀಲವನ್ನು ಬಿಚ್ಚತೊಡಗಿದರು. ಅವಳು ಆ ಎರಡು ವರದಿಗಳನ್ನು ತರಲು ಮೂಲೆಯ ಕಪಾಟಿಗೆ ಹೋದಳು.

ಮೇಜಿನ ಹಿಂದೆ ಕುಂಡದಕ್ಕ ನಿಂತಿದ್ದಳು. ಈ ಗಾಜಿನ ಮನೆಯ ಮಾಲಿ. ಬೂದಿ ರೋಗ ತಡೆಯಲು ಇಪ್ಪತ್ತು ವರ್ಷ ಇಲ್ಲಿ ಗಂಧಕದ ಪುಡಿ ಹೊಡೆದವಳು. ನಾಲ್ಕು ಮಾತಿಗೊಮ್ಮೆ ಕೆಮ್ಮದೆ ಅವಳ ಮಾತು ಮುಗಿಯುವುದಿಲ್ಲ. ಈ ಹತ್ತು ಕುಂಡಗಳಿಗೆ ಮಾತ್ರ ಒಂದು ಚಿಟಿಕೆ ಪುಡಿಯೂ ಬೇಕಾಗಿರಲಿಲ್ಲ. ಎಲ್ಲ ಗಿಡಕ್ಕೂ ಸಮನಾಗಿ ಬೆಳಕು ಸಿಗಲಿ ಎಂದು ಅವುಗಳ ಜಾಗವನ್ನು ದಿನಾ ಬೆಳಿಗ್ಗೆ ಅದಲುಬದಲು ಮಾಡುವುದು ಅವಳ ಕೆಲಸ. ಹಾಗಾಗಿ ಯಾವುದು ಯಾವ ಗಿಡ ಎಂದು ಹೇಳುತ್ತಿದ್ದುದು ಮಣ್ಣಲ್ಲಿ ಸಿಕ್ಕಿಸಿದ್ದ ಪ್ಲಾಸ್ಟಿಕ್ ಪಟ್ಟಿಗಳು ಮಾತ್ರ.

ಪಟ್, ಪಟ್ ಎಂದು ಸದ್ದಾಯಿತು. ಅಧಿಕಾರಿ ತಲೆ ಎತ್ತುವ ಹೊತ್ತಿಗೆ ಕುಂಡದಕ್ಕ ಹತ್ತೂ ಪಟ್ಟಿಗಳನ್ನು ಕಿತ್ತು, ಚೂರುಚೂರು ಮಾಡಿ ಕಸದ ಬಕೆಟ್ಟಿಗೆ ಹಾಕಿದ್ದಳು. ಕುಂಡಗಳನ್ನೂ ಹಿಂದೆಮುಂದೆ ಸರಿಸಿದ್ದಳು.

ವಿಜ್ಞಾನಿ ವರದಿಗಳನ್ನು ಹಿಡಿದು ಓಡಿಬಂದಳು. "ಅಕ್ಕಾ, ಏನು ಮಾಡಿಬಿಟ್ಟೆ? ನನ್ನ ಲೆಕ್ಕ ಎಲ್ಲ ಆ ಪಟ್ಟಿಗಳ ಮೇಲೇ ನಿಂತಿತ್ತು." ಯಾವ ಗಿಡ ಎಷ್ಟು ಬೆಳೆಯಿತು, ಎಷ್ಟು ಹೂ ಬಿಟ್ಟಿತು ಎಂದು ದಿನದಿನವೂ ಬರೆದಿಟ್ಟಿದ್ದಳು; ಯಾವುದು ಯಾವ ಗಿಡದ್ದು ಎಂಬ ಗುರುತೇ ಈಗ ಬಕೆಟ್ಟಿನಲ್ಲಿ ಬಿದ್ದಿತ್ತು.

"ಗಿಡಾನೇ ಹೋದ್ಮೇಲೆ ಲೆಕ್ಕ ಇಟ್ಕೊಂಡು ಏನ್ ಮಾಡ್ತೀಯ ಮಗಾ?" ಕುಂಡದಕ್ಕ ಕೆಮ್ಮಿದಳು. "ಒಂಬತ್ತು ನಿಂದು, ಒಂದು ನಂದು. ಈಗ ಆರಿಸಿಕೊಳ್ಳಲಿ ಸಾಹೇಬ್ರು."

ಆ ಒಂದರ ಕಥೆ ಬೇರೆ. ಎಂದೋ ಬಿಸಾಡಿದ, ಏನನ್ನೂ ಕತ್ತರಿಸದ ಇದೇ ತಳಿಯ ಗಿಡವೊಂದರ ಹಣ್ಣು ಕುಂಡದಕ್ಕನ ಹಿತ್ತಲ ತಿಪ್ಪೆಯಲ್ಲಿ ಕೊಳೆತು, ಬೀಜ ಬಿದ್ದು, ತಾನಾಗಿ ಹುಟ್ಟಿದ ಗಿಡ ಅದು. ಸುತ್ತಲಿನದಕ್ಕೆಲ್ಲ ರೋಗ ಬಂದರೂ ಅದೊಂದು ಹಸಿರಾಗಿ ನಿಂತದ್ದನ್ನು ನೋಡಿ ಅವಳು ಹೊತ್ತು ತಂದಿದ್ದಳು. ವಿಜ್ಞಾನಿ ಪರೀಕ್ಷಿಸಿದರೆ ಅದೇ ಜಾಗದಲ್ಲಿ ಅದೇ ಏಳು ಅಕ್ಷರ ಇಲ್ಲ. "ನೀನು ಎರಡು ವರ್ಷ ಒದ್ದಾಡಿದ್ದನ್ನ ನನ್ನ ತಿಪ್ಪೆ ಸುಮ್ನೆ ಕೂತು ಮಾಡ್ತು ನೋಡು, ಅದಕ್ಕೂ ಒಂದು ಡಾಕ್ಟರೇಟ್ ಕೊಡ್ಸು," ಎಂದು ಅವಳು ವಾರವೆಲ್ಲ ಕಾಡಿದ್ದಳು.

ವಿಜ್ಞಾನಿ ಬಕೆಟ್ಟನ್ನು ನೋಡಿದಳು, ಕುಂಡಗಳನ್ನು ನೋಡಿದಳು. ಆಮೇಲೆ ಕೈಯಲ್ಲಿದ್ದ ವರದಿಗಳನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು.

"ಎಲೆ ಕಿತ್ತು ಪರೀಕ್ಷೆಗೆ ಕಳಿಸ್ತೀನಿ," ಎಂದರು ಅಧಿಕಾರಿ.

"ಕಳಿಸಿ. ಹತ್ತಕ್ಕೂ ಒಂದೇ ಉತ್ತರ ಬರುತ್ತೆ. ಒಂಬತ್ತರಲ್ಲಿ ನಾನು ತೆಗೆದೆ, ಒಂದರಲ್ಲಿ ತಾನಾಗಿ ಹೋಗಿದೆ. ಯಾವುದು ಯಾವುದು ಅಂತ ನಿಮ್ಮ ಯಂತ್ರಕ್ಕೂ ಗೊತ್ತಾಗಲ್ಲ, ಈಗ ನನಗೂ ಗೊತ್ತಾಗಲ್ಲ."

"ಹಾಗಾದ್ರೆ ಹತ್ತನ್ನೂ ಸುಡೋದೇ."

"ಕಾಗದದಲ್ಲಿ ಒಂಬತ್ತು ಅಂತಿದೆ. ಹತ್ತನೆಯದನ್ನ ಸುಡಬೇಕು ಅಂದ್ರೆ ಮೊದಲು ಅಕ್ಕನ ತಿಪ್ಪೆಗೆ ನೋಟಿಸ್ ಕೊಟ್ಟು ಬನ್ನಿ."

ಅಧಿಕಾರಿ ಬೆವರು ಒರೆಸಿಕೊಂಡರು. ಕೆಟ್ಟವರೇನಲ್ಲ, ಕಾಗದ ಹೇಳಿದಂತೆ ನಡೆಯುವವರು, ಅಷ್ಟೆ. ದನಿ ತಗ್ಗಿಸಿ ಕುಂಡದಕ್ಕನ ಕಡೆ ತಿರುಗಿದರು. "ಅಮ್ಮಾ, ದಿನಾ ನೀರು ಹಾಕೋರು ನೀವು. ನಿಮ್ಮ ಗಿಡ ಯಾವುದು ಅಂತ ನಿಮಗೆ ಗೊತ್ತಿರಬೇಕಲ್ವಾ?"

"ಸಾಕಿದೋಳಿಗೆ ಗೊತ್ತಿರದೆ ಇರುತ್ತಾ?"

"ಅದನ್ನ ತೋರಿಸಿಬಿಡಿ. ಅದೊಂದನ್ನ ಮುಟ್ಟಲ್ಲ."

ಕುಂಡದಕ್ಕ ಮೂಲೆಗೆ ಹೋಗಿ, ಗಂಧಕದ ಪುಡಿ ಹೊಡೆಯುವ ಡಬ್ಬವನ್ನು ಎತ್ತಿ ತಂದಳು. ಅದರ ಮಾಸಲು ಪಟ್ಟಿಯನ್ನು ಅವರ ಬಿಳಿ ಅಂಗಿಯ ಹೆಗಲಿಗೆ ಹಾಕಿ, ಹಿಡಿಯನ್ನು ಕೈಗೆ ಕೊಟ್ಟಳು. ಮುಚ್ಚಳದ ಸಂದಿನಿಂದ ಹಳದಿ ಪುಡಿ ಎದ್ದು ಅವರಿಗೆ ಕೆಮ್ಮು ಬಂತು.

"ಆ ಬೂದಿ ಹಿಡಿದ ಮೇಜುಗಳಿಗೆಲ್ಲ ಒಂದು ದಿನ ಇದನ್ನ ಹೊಡೀರಿ ಸಾರ್," ಎಂದಳು. "ಸಂಜೆ ನಾನೇ ತೋರಿಸ್ತೀನಿ."

ಅಧಿಕಾರಿ ಕೆಮ್ಮುತ್ತಲೇ ಡಬ್ಬ ಇಳಿಸಿ, ಪುಡಿ ಬೇಡದ ಆ ಹತ್ತು ಕುಂಡಗಳ ಕಡೆ ನೋಡಿದರು. ಆಮೇಲೆ ಆದೇಶದ ಕೆಳಗೆ 'ಸುಡಬೇಕಾದ ಗಿಡಗಳ ಗುರುತು ಸಿಗಲಿಲ್ಲ' ಎಂದು ಬರೆದು ಸಹಿ ಹಾಕಿದರು. ಸಹಿಯ ಪಕ್ಕದಲ್ಲಿ ಅವರ ಹೆಬ್ಬೆರಳಿನ ಹಳದಿ ಅಚ್ಚು ಬಿದ್ದಿತ್ತು.