ಬೇಳೆ ಮಿಲ್ಲಿನ ಮದುವೆ

ವೇದಿಕೆಯ ಮೇಲೆ ಜರಿ ರುಮಾಲು ಸುತ್ತಿಕೊಂಡು ನಿಂತವನು ತನ್ನ ಗಂಡನೇ ಎಂಬುದರಲ್ಲಿ ಸುಂದರಬಾಯಿಗೆ ಅನುಮಾನ ಉಳಿಯಲಿಲ್ಲ. ಅನುಮಾನವಿದ್ದದ್ದು ಅವನ ಪಕ್ಕದಲ್ಲಿ ನಿಂತವಳ ಬಗ್ಗೆ. ಆಕೆ ತನ್ನ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು. ಚಂದ್ರಾಮಪ್ಪ ಕತ್ತು ಬಾಗಿಸಿ ಕೊಟ್ಟ. ಮನೆಯಲ್ಲಿ ಅವನ ಕತ್ತು ಯಾವತ್ತೂ ಅಷ್ಟು ಬಾಗಿದ್ದಿಲ್ಲ.

ಸುಂದರಬಾಯಿ ಕಂಬದ ಹಿಂದೆ ಸರಿದಳು. ಅಡುಗೆಯವರ ಹಿಂಬಾಗಿಲಿನಿಂದ ಒಳಗೆ ಬಂದಿದ್ದಳು. ಅವರಲ್ಲೊಬ್ಬ ಕೇಳದೆಯೇ ಚಹಾ ಕೊಟ್ಟಿದ್ದ. ಕಪ್ಪು ಕೈಯಲ್ಲೇ ತಣ್ಣಗಾಯಿತು.

ಆಳಂದದ ಈ ಮಂಗಲ ಕಾರ್ಯಾಲಯ ಮೊನ್ನೆ ಮೊನ್ನೆಯವರೆಗೆ ಬೇಳೆ ಮಿಲ್ಲಾಗಿತ್ತು. ತೊಗರಿ ಹರವುತ್ತಿದ್ದ ಅಂಗಳದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಚಂದ್ರಾಮಪ್ಪ ನಡೆಸುತ್ತಿದ್ದ ಮಷೀನು ಇದ್ದಲ್ಲೇ ಮದುಮಕ್ಕಳ ಕುರ್ಚಿ. ಮಿಲ್ಲು ಮುಚ್ಚಿತು, ಸುತ್ತಲಿನ ಹೊಲಗಳೆಲ್ಲ ಲೇಔಟ್ ಆದವು. ಹಿರೋಳ್ಳಿಯವರು, ಗೊಬ್ಬೂರಿನವರು, ಯಡ್ರಾಮಿಯಿಂದ ವರ್ಗವಾಗಿ ಬಂದ ಮಾಸ್ತರರು, ಎಲ್ಲರೂ ಬಂದು ಮನೆ ಕಟ್ಟಿಸಿ ಗೇಟು ಹಾಕಿಕೊಂಡು ಕುಳಿತರು. ಅಲ್ಲಿ ತನಗೆ ಕಾವಲಿನ ಕೆಲಸ ಸಿಕ್ಕಿದೆ, ಅಫಜಲಪುರ, ಜೇವರ್ಗಿಯ ಲೇಔಟುಗಳಿಗೂ ಹೋಗಬೇಕಾಗುತ್ತದೆ ಎಂದು ಚಂದ್ರಾಮಪ್ಪ ಹೇಳಿದ್ದ. ಅದೇ ಮನೆಗಳಲ್ಲಿ ಅಡುಗೆಗೆ ಹೋಗುತ್ತೇನೆಂದು ಸುಂದರಬಾಯಿಯೂ ಹೇಳಿದ್ದಳು. ದಿನವೆಲ್ಲ ಮನೆಗೆ ಬೀಗ.

ಆದರೆ ಕಾವಲುಗಾರನ ಕೂದಲಲ್ಲಿ ಅಕ್ಕಿಕಾಳು ಯಾಕೆ? ಅಂಗಿಗೆ ಅತ್ತರು ಯಾಕೆ? ರೊಟ್ಟಿ ಮುಂದಿಟ್ಟರೆ ಹಸಿವಿಲ್ಲ ಎನ್ನುವವನ ಬಾಯಲ್ಲಿ ಹೋಳಿಗೆಯ ಏಲಕ್ಕಿ ಘಮ ಯಾಕೆ? ಪಕ್ಕದ ಮನೆಯ ಖಾಸೀಂಬಿಯ ಪ್ರಕಾರ ಈ ವಯಸ್ಸಿನಲ್ಲಿ ಗಂಡಸರು ಮಾಡುವುದು ಎರಡೇ ಕೆಲಸ: ಹಲ್ಲು ಕಟ್ಟಿಸಿಕೊಳ್ಳುವುದು, ಇಲ್ಲವೇ ಇನ್ನೊಂದು ಮನೆ ಮಾಡುವುದು. ಚಂದ್ರಾಮಪ್ಪನ ಹಲ್ಲು ಗಟ್ಟಿಯಾಗಿದ್ದವು.

ಅವನನ್ನೇ ಕೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದಳು. ಮಾತಿಗೆ ಮಾತು ಬೆಳೆದೀತೆಂದು ಸುಮ್ಮನಾಗಿದ್ದಳು. ಇವತ್ತು ಹಾಗಲ್ಲ. ವೇದಿಕೆಯ ಮೇಲಿನವಳು ಇನ್ನೊಂದು ಮನೆಯವಳೇ ಆಗಿದ್ದರೆ ಸಂಜೆಯ ಬಸ್ಸಿಗೆ ತಾನು ಜೇವರ್ಗಿಯ ತವರಿಗೆ. ಮತ್ತೆ ಈ ಮನುಷ್ಯನ ಹೊಸ್ತಿಲು ತುಳಿಯುವುದಿಲ್ಲ.

ಬಾಜಾ ಜೋರಾಯಿತು. ಮದುಮಗಳು ಬಂದಳು. ಚಂದ್ರಾಮಪ್ಪ ಆಕೆಯ ಕೈ ಹಿಡಿದು ನಡೆಸಿದ. ನಡೆಸುತ್ತಲೇ ಅತ್ತ. ಗಳಗಳನೆ, ಮೂಗು ಸುರಿಯುವ ಹಾಗೆ ಅತ್ತ. ಹೆತ್ತ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬಸ್ಸಿನ ಸೀಟು ಹಿಡಿಯಲು ಓಡಿದ್ದ ಮನುಷ್ಯ ಇವನು. ಸುಂದರಬಾಯಿ ಕಪ್ಪನ್ನು ಕಂಬದ ಬುಡದಲ್ಲಿಟ್ಟಳು. ಇನ್ನೊಂದು ಮನೆಯಷ್ಟೇ ಅಲ್ಲ, ಆ ಮನೆಯಲ್ಲಿ ಮದುವೆಗೆ ಬಂದ ಮಗಳೂ ಇದ್ದಾಳೆ.

ಮುಖ ತೊಳೆಯಲು ಅವನು ವೇದಿಕೆಯ ಹಿಂದಿನ ನಲ್ಲಿಗೆ ಬಂದ. ಸುಂದರಬಾಯಿ ಅಲ್ಲಿ ಮೊದಲೇ ನಿಂತಿದ್ದಳು.

"ಆಕಿ ಯಾರ್ರಿ?"

ರುಮಾಲು ಜಾರಿ ಚಂದ್ರಾಮಪ್ಪನ ಮೂಗಿನವರೆಗೆ ಬಂತು. "ನೀ ನನ್ನ ಬೆನ್ನ ಹತ್ತಿ ಬಂದಿಯೇನು?"

"ನಾ ಹೆಂಗರೆ ಬಂದಿರ್ಲಿ. ಆಕಿ ಯಾರು?"

ಅವನು ಹೇಳಿದ. ಆಕೆ ಬಾಳಮ್ಮ, ಮಿಲ್ಲಿನಲ್ಲಿ ತೊಗರಿ ಹಸನು ಮಾಡುತ್ತಿದ್ದವಳು. ಇವತ್ತು ಅವನ ಹೆಂಡತಿ; ಹೋದ ವಾರ ಅಫಜಲಪುರದಲ್ಲಿ ಅವನ ತಂಗಿಯಾಗಿದ್ದಳು. ಅವನು ಕಾವಲುಗಾರನಲ್ಲ, ಬಾಡಿಗೆಯ ಸೋದರಮಾವ. ಹೊಲಗಳು ಪ್ಲಾಟುಗಳಾದ ಮೇಲೆ ಅಕ್ಕತಂಗಿಯರು ಪಾಲು ಕೇಳಿದರು, ಅಣ್ಣತಮ್ಮಂದಿರು ಮಾತು ಬಿಟ್ಟರು. ಮಾತು ಬಿಟ್ಟವರು ಮದುವೆಗೆ ಬರಲಿಲ್ಲ. ಸೋದರಮಾವ ಕೈ ಹಿಡಿದು ತಾರದೆ ಹೆಣ್ಣು ಮಂಟಪಕ್ಕೆ ಬಂದರೆ ಬೀಗರ ಮುಂದೆ ಮರ್ಯಾದೆ ಏನು ಉಳಿಯಿತು? ಕಾರ್ಯಾಲಯದ ಮ್ಯಾನೇಜರ್ ಜಗದೇವ ಪಾತ್ರೆ, ಕುರ್ಚಿ, ಶಾಮಿಯಾನದ ಜೊತೆಗೆ ಮಾವಂದಿರನ್ನೂ ಒದಗಿಸತೊಡಗಿದ. ಚಂದ್ರಾಮಪ್ಪನಿಗೆ ಬೇಡಿಕೆ ಜೋರು. ಅಸಲಿ ಮಾವಂದಿರ ಹಾಗೆ ಅವನು ಊಟದ ಹೊತ್ತಿಗೆ ಮುನಿಸಿಕೊಳ್ಳುವುದಿಲ್ಲ. ಬೇಕೆಂದವರಿಗೆ ಚೆನ್ನಾಗಿ ಮುನಿಸಿಕೊಂಡೂ ತೋರಿಸುತ್ತಾನೆ.

ಸುಂದರಬಾಯಿ ಕಣ್ಣು ಮಿಟುಕಿಸಲಿಲ್ಲ. "ಹೆಣ್ಣಿನ ಕಡೆಯವ್ರು ಅಸಲಿ ಅಲ್ಲೇನು ಹಂಗಾದ್ರ?"

"ಉಳಿದವ್ರೆಲ್ಲಾ ಅಸಲಿನೇ. ಮಾಮಾ, ಅತ್ತಿ ಇಬ್ರೇ ನಾವು. ಮೆಲ್ಲಗ ಮಾತಾಡು, ಗಂಡಿನ ಕಡೆಯವ್ರ ಕಿವಿಗೆ ಬಿದ್ರ ಮುಗೀತು. ಆ ಕಡೆ ಎಲ್ಲಾ ಖರೇ ಮಂದಿ ಅಂತ ಜಗದೇವ ಹೇಳ್ಯಾನ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜಗಳು ಕುಲುಕತೊಡಗಿದವು. ಅಳುತ್ತಿದ್ದಾಳೆಂದು ಚಂದ್ರಾಮಪ್ಪ ಹೌಹಾರಿದ. ಸೆರಗು ಸರಿದಾಗ ನೋಡಿದರೆ ನಗು. ನಕ್ಕು ನಕ್ಕು ಅವಳು ನಲ್ಲಿಯನ್ನೇ ಹಿಡಿದುಕೊಂಡಳು. ಯಾಕೆಂದು ತಿಳಿಯದೆ ಅವನೂ ನಕ್ಕ. ಹೆಂಡತಿ ತವರಿಗೆ ಹೋಗುವುದಿಲ್ಲ, ಅಷ್ಟು ಸಾಕಾಗಿತ್ತು.

ಆಮೇಲೆ ಅವಳು ಮುಖ ಬಿಗಿದುಕೊಂಡಳು. ಕಟ್ಟಿಕೊಂಡವಳ ಮುಂದೆ ದಿನಾಲೂ ಸುಳ್ಳು ಹೇಳಲು ಬಾಯಾದರೂ ಹೇಗೆ ಬಂತೆಂದು ಕೇಳಿದಳು. ಇನ್ನು ಮುಂದೆ ತನ್ನಿಂದ ಏನನ್ನೂ ಮುಚ್ಚಿಡುವುದಿಲ್ಲವೆಂದು ಬಸವಣ್ಣನ ಆಣೆ ಹಾಕಿಸಿದಳು. ಅವನು ಹಾಕಿದ. ಆಗಷ್ಟೇ ಅವಳ ಮೈಮೇಲಿನ ರೇಷ್ಮೆ ಸೀರೆ ಅವನ ಕಣ್ಣಿಗೆ ಬಿತ್ತು. ಇದು ಯಾವಾಗಿನದು ಎಂದು ಮೆತ್ತಗೆ ಕೇಳಿದ.

"ಮದುವಿ ಮನಿಗೆ ಹಳೇ ಸೀರಿ ಉಟ್ಕೊಂಡು ಬಂದ್ರ ಒಳಗ ಬಿಡ್ತಾರೇನ್ರಿ?"

ಅದೂ ಖರೆಯೇ ಅನ್ನಿಸಿತು.

ಅಷ್ಟರಲ್ಲಿ ಜಗದೇವ ಏದುಸಿರು ಬಿಡುತ್ತ ಓಡಿಬಂದ. ಬೈಸಿಕೊಳ್ಳಲು ಚಂದ್ರಾಮಪ್ಪ ತಲೆ ತಗ್ಗಿಸಿ ನಿಂತ. ಜಗದೇವ ಅವನತ್ತ ನೋಡಲೇ ಇಲ್ಲ.

"ಸುಂದರಬಾಯಿಯವರ, ಹೆಣ್ಣಿನ ಕಡೆಯವ್ರ ಜೋಡಿ ಇಲ್ಲೇನ್ ಹರಟಿ ಹೊಡ್ಯಾಕತ್ತೀರಿ? ಹೋದ ಮದುವಿಗೂ ಹಿಂಗ ತಡಾ ಮಾಡಿದ್ರಿ. ಮದುಮಗನ ಸೋದರತ್ತಿ ಎಲ್ಲಿ ಅಂತ ಅವ್ರು ನನ್ನ ಜೀವಾ ತಿನ್ನಾಕತ್ತಾರ."